ಟ್ರ್ಯಾಪ್ ತುಂಬಿದಾಗ ಪೀಕ್ ಜಾರುವುದೇಕೆ?

ಓದುಗರ ಪ್ರಶ್ನೆ: ಮೇಡಂ, ನಾನು ಜಿಗಣಿಯ ಒಂದು ಬಲ್ಕ್ ಡ್ರಗ್ ಕಂಪನಿಯ ಅನಲಿಟಿಕಲ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿರುವುದು ಹಳೆಯ ಅಯಾನ್ ಟ್ರ್ಯಾಪ್ ಎಲ್‌ಸಿ-ಎಂಎಸ್ (ಸ್ಯಾಂಪಲಿನ ವಸ್ತುಗಳನ್ನು ಕಾಲಮ್‌ನಲ್ಲಿ ಬೇರ್ಪಡಿಸಿ, ಅಯಾನು ಮಾಡಿ ಅಣುಭಾರ ತಿಳಿಸುವ ಯಂತ್ರ), ಉಂಗುರ ಮತ್ತು ಎರಡು ಮುಚ್ಚಳಗಳ ತ್ರೀಡಿ ಮಾದರಿ. ರಕ್ತದೊತ್ತಡದ ಔಷಧ ಟೆಲ್ಮಿಸಾರ್ಟಾನ್‌ನ ಸ್ಯಾಂಪಲ್ ತೆಳುವಾಗಿ ಹಾಕಿದರೆ ಪೀಕ್ 515.2ರಲ್ಲಿ ಸರಿಯಾಗಿ ಬರುತ್ತದೆ. ಶೇ. 0.1ರ ಇಂಪ್ಯೂರಿಟಿ ಹುಡುಕಬೇಕೆಂದು ಮಿಲಿಲೀಟರಿಗೆ 1 ಮಿಲಿಗ್ರಾಂ ಹಾಕಿದರೆ ಅದೇ ಪೀಕ್ 515.7ಕ್ಕೆ ಹೋಗುತ್ತದೆ, ಪಕ್ಕದ ಐಸೊಟೋಪ್ ಪೀಕ್ ಜೊತೆ ಸೇರಿ ಗುಡ್ಡೆಯಾಗುತ್ತದೆ. ಕ್ಯಾಲಿಬ್ರೇಷನ್ ಮತ್ತೆ ಮಾಡಿಸಿದರೂ ಅಷ್ಟೇ. ಸರ್ವೀಸ್ ಎಂಜಿನಿಯರ್ ಬೋರ್ಡ್ ಬದಲಾಯಿಸಬೇಕು ಎಂದರು. ಸೀನಿಯರ್ ಒಬ್ಬರು "ಗಟ್ಟಿ ಸ್ಯಾಂಪಲ್‌ನಲ್ಲೇ ಕ್ಯಾಲಿಬ್ರೇಟ್ ಮಾಡಿಬಿಡು" ಅನ್ನುತ್ತಾರೆ. ಫಿಸಿಕ್ಸ್ ಎಂಎಸ್ಸಿ ಓದುತ್ತಿರುವ ತಂಗಿ "ಒಂದೇ ಚಾರ್ಜಿನವು ಒಂದನ್ನೊಂದು ತಳ್ಳುತ್ತವಲ್ಲ, ಟ್ರ್ಯಾಪಿನಲ್ಲಿ ಹರಳಿನ ಹಾಗೆ ಸಾಲಾಗಿ ನಿಂತಿರುತ್ತವೆ, ಅದರದ್ದೇ ಪರಿಣಾಮ" ಅನ್ನುತ್ತಾಳೆ. ಎಜಿಸಿ (ಟ್ರ್ಯಾಪಿಗೆ ಸೇರುವ ಅಯಾನುಗಳನ್ನು ತಾನಾಗಿ ಮಿತಿಯಲ್ಲಿಡುವ ವ್ಯವಸ್ಥೆ) ಆಫ್ ಇದೆ. ಇಂಜೆಕ್ಷನ್ ಟೈಮ್, ಅಂದರೆ ಅಯಾನುಗಳಿಗೆ ಟ್ರ್ಯಾಪಿನ ಬಾಗಿಲು ತೆರೆದಿರುವ ಹೊತ್ತು, 200 ಮಿಲಿಸೆಕೆಂಡ್ ಎಂದು ಹಿಂದಿನವರು ಇಟ್ಟು ಹೋಗಿದ್ದಾರೆ. ಆಡಿಟ್ ಹತ್ತಿರ ಬಂದಿದೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ತಂಗಿಯ ಮಾತು ಅರ್ಧ ಸರಿ. ಎಂಜಿನಿಯರ್ ಅವಸರಪಟ್ಟಿದ್ದಾರೆ. ಸೀನಿಯರ್ ಹೇಳಿದ್ದನ್ನಂತೂ ಮಾಡಲೇಬೇಡಿ, ಕಾರಣ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ಆತಂಕ ಕಾಣುತ್ತಿವೆ. ಯಂತ್ರ ಕೆಟ್ಟಿದೆಯೇ ಎಂಬುದು ಒಂದು. ಈವರೆಗೆ ಕೊಟ್ಟ ರಿಪೋರ್ಟುಗಳನ್ನು ನಂಬಬಹುದೇ ಎಂಬುದು ಇನ್ನೊಂದು. ಅದನ್ನು ನೀವು ಬಾಯಿಬಿಟ್ಟು ಹೇಳಿಲ್ಲ, ಆಡಿಟ್ ಭಯದ ಹಿಂದಿರುವುದು ಅದೇ. ಮೊದಲನೆಯದಕ್ಕೆ ಉತ್ತರ ಸುಲಭ. ತೆಳು ಸ್ಯಾಂಪಲ್‌ನಲ್ಲಿ 515.2 ಸರಿಯಾಗಿ ಬರುತ್ತಿದ್ದರೆ ಯಂತ್ರ ಬಹುತೇಕ ಚೆನ್ನಾಗಿಯೇ ಇದೆ. ವಯಲ್‌ನಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂದು ನೋಡಿಕೊಂಡು ಕೆಡುವ ಬೋರ್ಡನ್ನು ನಾನಂತೂ ಕಂಡಿಲ್ಲ. ನೀವು ನೋಡುತ್ತಿರುವುದು ಸ್ಪೇಸ್ ಚಾರ್ಜ್, ಅಂದರೆ ಟ್ರ್ಯಾಪಿನಲ್ಲಿ ಕಿಕ್ಕಿರಿದ ಅಯಾನುಗಳು (ಚಾರ್ಜ್ ಇರುವ ಕಣಗಳು) ಒಟ್ಟಾಗಿ ಹುಟ್ಟಿಸುವ ವಿದ್ಯುತ್ ಕ್ಷೇತ್ರದ ಕೆಲಸ.

ಟ್ರ್ಯಾಪ್ ಹೇಗೆ ಹಿಡಿಯುತ್ತದೆ ಎಂಬುದರಿಂದ ಶುರು ಮಾಡೋಣ. ಬರೀ ಸ್ಥಿರ ವೋಲ್ಟೇಜ್ ಕೊಟ್ಟು ಚಾರ್ಜ್ ಇರುವ ಕಣವನ್ನು ಖಾಲಿ ಜಾಗದಲ್ಲಿ ಒಂದೆಡೆ ನಿಲ್ಲಿಸಲು ಸಾಧ್ಯವಿಲ್ಲ ಎಂದು 1842ರಲ್ಲೇ ಸ್ಯಾಮ್ಯುಯೆಲ್ ಅರ್ನ್‌ಷಾ ತೋರಿಸಿದ್ದರು. ಒಂದು ದಿಕ್ಕಿನಲ್ಲಿ ಒಳಕ್ಕೆ ಒತ್ತಿದರೆ ಮತ್ತೊಂದು ದಿಕ್ಕಿನಲ್ಲಿ ಅದು ಹೊರಕ್ಕೆ ಜಾರುತ್ತದೆ. 1950ರ ದಶಕದಲ್ಲಿ ಜರ್ಮನಿಯ ಬಾನ್‌ನಲ್ಲಿದ್ದ ವೋಲ್ಫ್‌ಗಾಂಗ್ ಪೌಲ್ ಇದಕ್ಕೆ ಹೂಡಿದ ಉಪಾಯ ಸರಳ: ಜಾರುವ ಮೊದಲೇ ದಿಕ್ಕು ತಿರುಗಿಸಿಬಿಡುವುದು. ಉಂಗುರದ ಎಲೆಕ್ಟ್ರೋಡಿಗೆ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಬಾರಿ ತಿರುಗುವ ಆರ್‌ಎಫ್ ವೋಲ್ಟೇಜ್ ಕೊಟ್ಟರೆ, ಸರಾಸರಿಯಲ್ಲಿ ಅಯಾನಿಗೆ ಎಲ್ಲ ಕಡೆಯಿಂದಲೂ ನಡುವಿನ ಕಡೆಗೆ ಎಳೆತ ಸಿಗುತ್ತದೆ. ಬೋಗುಣಿಯೊಳಗೆ ಬಿಟ್ಟ ಗೋಲಿಯ ಹಾಗೆ ಅದು ತನ್ನದೇ ಒಂದು ಆವರ್ತದಲ್ಲಿ (ಸೆಕೆಂಡಿಗೆ ಇಷ್ಟು ಬಾರಿ ಎಂಬ ಲೆಕ್ಕದಲ್ಲಿ) ಹಿಂದೆ ಮುಂದೆ ತೂಗಾಡುತ್ತದೆ. ಈ ಕೆಲಸಕ್ಕೆ ಪೌಲ್ 1989ರ ನೊಬೆಲ್ ಹಂಚಿಕೊಂಡರು.

ಹಗುರ ಅಯಾನು ಬೇಗ ತೂಗುತ್ತದೆ, ಭಾರದ್ದು ನಿಧಾನ. ಸ್ಕ್ಯಾನ್ ಮಾಡುವಾಗ ಮುಚ್ಚಳಗಳಿಗೆ ನಿಗದಿತ ಆವರ್ತದ ಒಂದು ಸಣ್ಣ ಎಸಿ ವೋಲ್ಟೇಜ್ ಕೊಟ್ಟು, ಉಂಗುರದ ಆರ್‌ಎಫ್ ಅನ್ನು ಮೆಲ್ಲಗೆ ಏರಿಸುತ್ತಾರೆ. ಆರ್‌ಎಫ್ ಏರಿದಂತೆ ಎಲ್ಲ ಅಯಾನುಗಳ ತೂಗಾಟದ ವೇಗವೂ ಏರುತ್ತದೆ. ಯಾವುದರ ಆವರ್ತ ಆ ಸಣ್ಣ ಎಸಿಗೆ ತಾಳೆಯಾಗುತ್ತದೋ ಅದು ಅನುರಣನಗೊಂಡು ಹೊರಬಿದ್ದು ಡಿಟೆಕ್ಟರ್ ಸೇರುತ್ತದೆ. ಹಗುರದ್ದು ಮೊದಲು, ಭಾರದ್ದು ಆಮೇಲೆ. ಇಲ್ಲೊಂದು ಮಾತು ಗಮನಿಸಿ. ಯಂತ್ರ ಎಂದೂ ದ್ರವ್ಯರಾಶಿಯನ್ನು ಅಳೆಯುವುದಿಲ್ಲ. "ಇಷ್ಟು ಆರ್‌ಎಫ್ ಆಗಿದ್ದಾಗ ಹೊರಬಿತ್ತು" ಎಂಬುದನ್ನಷ್ಟೇ ಬರೆದುಕೊಂಡು, ಕ್ಯಾಲಿಬ್ರೇಷನ್ ಪಟ್ಟಿ ನೋಡಿ ಎಂ/ಝಡ್, ಅಂದರೆ ದ್ರವ್ಯರಾಶಿಯನ್ನು ಚಾರ್ಜಿನಿಂದ ಭಾಗಿಸಿದ ಸಂಖ್ಯೆ, ಹೇಳುತ್ತದೆ; ನಿಮ್ಮ 515.2 ಅಂಥದ್ದೇ. ಅಯಾನು ತಡವಾಗಿ ಹೊರಟರೆ ಯಂತ್ರದ ಲೆಕ್ಕದಲ್ಲಿ ಅದು ಭಾರದ ಅಯಾನು.

ಈಗ ತಂಗಿಯ ಮಾತಿಗೆ ಬರೋಣ. ಅಯಾನುಗಳು ಒಂದನ್ನೊಂದು ತಳ್ಳುವುದು ನಿಜ. ಎಷ್ಟು ತಳ್ಳುತ್ತವೆ? ಒಂದು ಸಾವಿರ ಅಯಾನುಗಳು ಅರ್ಧ ಮಿಲಿಮೀಟರ್ ತ್ರಿಜ್ಯದ ಮೋಡವಾಗಿವೆ ಎಂದುಕೊಳ್ಳಿ. ಅಕ್ಕಪಕ್ಕದ ಅಯಾನುಗಳ ನಡುವೆ ಸರಾಸರಿ 80 ಮೈಕ್ರಾನ್ ಅಂತರ ಬರುತ್ತದೆ. ಅಷ್ಟು ದೂರದಲ್ಲಿರುವ ಎರಡು ಅಯಾನುಗಳ ವಿಕರ್ಷಣೆಯ ಶಕ್ತಿಯನ್ನು ತಾಪಮಾನದ ಲೆಕ್ಕಕ್ಕೆ ತಂದರೆ ಸುಮಾರು 0.2 ಕೆಲ್ವಿನ್. ಅಯಾನುಗಳ ಸ್ವಂತ ಚಲನೆಯೋ, ಟ್ರ್ಯಾಪಿನೊಳಗೆ ಬಿಟ್ಟಿರುವ ಹೀಲಿಯಂ ಅನಿಲಕ್ಕೆ ಡಿಕ್ಕಿ ಹೊಡೆದು ತಣಿದ ಮೇಲೂ 300 ಕೆಲ್ವಿನ್‌ಗೆ ಕಡಿಮೆಯಿಲ್ಲ. ಪಕ್ಕದವನ ತಳ್ಳಾಟ ಇದರ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಆದ್ದರಿಂದ ನಿಮ್ಮ ಟ್ರ್ಯಾಪಿನಲ್ಲಿ ಹರಳೂ ಇಲ್ಲ, ಸಾಲೂ ಇಲ್ಲ. ಇರುವುದು ಬಿಸಿಯಾದ ಅನಿಲದ ಮೋಡ.

ಆದರೆ ಕೂಲಂಬ್ ಬಲ, ಅಂದರೆ ಚಾರ್ಜುಗಳ ನಡುವಿನ ಈ ತಳ್ಳಾಟ, ಪಕ್ಕದವನ ಹತ್ತಿರವೇ ನಿಂತುಬಿಡುವಂಥದ್ದಲ್ಲ. ದೂರದ್ದೂ ಸೇರಿ ಎಲ್ಲ ಅಯಾನುಗಳ ಒತ್ತಡ ಕೂಡುತ್ತಾ ಹೋಗುತ್ತದೆ. ಅದೇ ಸಾವಿರ ಅಯಾನುಗಳ ಮೋಡದ ಅಂಚಿನಲ್ಲಿ ನಿಂತ ಅಯಾನಿಗೆ ಒಟ್ಟು ಮಂದೆಯಿಂದ ಬರುವ ಶಕ್ತಿ ಸುಮಾರು 33 ಕೆಲ್ವಿನ್ ಲೆಕ್ಕದ್ದು. ಉಷ್ಣ ಚಲನೆಗಿಂತ ಇನ್ನೂ ಕಡಿಮೆಯೇ. ಅಷ್ಟೇ ಜಾಗಕ್ಕೆ ಒಂದು ಲಕ್ಷ ಅಯಾನು ತುಂಬಿದರೆ ಅದು ನೂರು ಪಟ್ಟು ಏರಿ 3,300 ಕೆಲ್ವಿನ್ ಆಗುತ್ತದೆ. ವೋಲ್ಟೇಜಿನ ಭಾಷೆಯಲ್ಲಿ 0.3 ವೋಲ್ಟ್‌ನಷ್ಟು. ಈಗ ಮೇಲುಗೈ ಮಂದೆಯದು. ಮೋಡ ಊದಿಕೊಳ್ಳುತ್ತದೆ, ಟ್ರ್ಯಾಪಿನ ಎಳೆತದ ಒಂದು ಪಾಲನ್ನು ಮಂದೆಯ ತಳ್ಳುವಿಕೆ ತಿಂದುಹಾಕುತ್ತದೆ.

ಹೇಗೆ ತಿನ್ನುತ್ತದೆ ಎಂಬುದು ನಿಮ್ಮ ತಂಗಿಗೆ ಇಷ್ಟವಾಗಬಹುದು. ಸಮನಾಗಿ ಹರಡಿದ ಚಾರ್ಜಿನ ಗೋಳದೊಳಗೆ ವಿದ್ಯುತ್ ಕ್ಷೇತ್ರ ನಡುವಿನಿಂದ ದೂರ ಹೋದಷ್ಟೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ದಿಕ್ಕು ಹೊರಕ್ಕೆ. ಟ್ರ್ಯಾಪಿನ ಎಳೆತವೂ ದೂರಕ್ಕೆ ತಕ್ಕಂತೆ ಹೆಚ್ಚುತ್ತದೆ, ದಿಕ್ಕು ಒಳಕ್ಕೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಅದೇ ಆಕಾರದ, ಆದರೆ ಆಳ ಕಡಿಮೆಯಾದ ಬೋಗುಣಿ. ಅಯಾನು ನಿಧಾನವಾಗಿ ತೂಗುತ್ತದೆ, ಎಸಿಗೆ ತಾಳೆಯಾಗಲು ಇನ್ನಷ್ಟು ಆರ್‌ಎಫ್ ಬೇಕಾಗುತ್ತದೆ, ತಡವಾಗಿ ಹೊರಬೀಳುತ್ತದೆ. ಪೀಕ್ ಯಾವಾಗಲೂ ಮೇಲಕ್ಕೇ ಜಾರುವುದು ಇದಕ್ಕೇ. ನಿಮ್ಮ 515ರಲ್ಲಿ ಅರ್ಧ ಯೂನಿಟ್ ಎಂದರೆ ಆವರ್ತ ಸಾವಿರಕ್ಕೆ ಒಂದು ಪಾಲಿನಷ್ಟು ಕುಗ್ಗಿದೆ, ಅಷ್ಟೇ. ನಿಜವಾದ ಮೋಡ ಎಲ್ಲ ಕಡೆ ಸಮನಾಗಿರುವುದಿಲ್ಲ, ನಡುವೆ ದಟ್ಟ, ಅಂಚಿನಲ್ಲಿ ವಿರಳ. ಹೀಗಾಗಿ ಬೇರೆ ಬೇರೆ ಜಾಗದ ಅಯಾನುಗಳು ಬೇರೆ ಬೇರೆ ಹೊತ್ತಿಗೆ ಹೊರಡುತ್ತವೆ. ನೀವು ಹೇಳಿದ ಗುಡ್ಡೆ ಅದರ ಫಲ.

ಇನ್ನೊಂದು ಸೂಕ್ಷ್ಮವಿದೆ, ಪುಸ್ತಕಗಳಲ್ಲಿ ಬೇಗ ಸಿಗುವುದಿಲ್ಲ. ಒಂದೇ ಎಂ/ಝಡ್‌ನ ಅಯಾನುಗಳೆಲ್ಲ ಒಂದೇ ತಾಳದಲ್ಲಿ ಒಟ್ಟಿಗೆ ತೂಗಿದರೆ, ಅವುಗಳೊಳಗಿನ ತಳ್ಳಾಟ ನ್ಯೂಟನ್‌ನ ಮೂರನೇ ನಿಯಮದಂತೆ ಪರಸ್ಪರ ವಜಾ ಆಗಿ, ಗುಂಪಿನ ಆವರ್ತ ಬದಲಾಗಬಾರದು. ಆದರ್ಶ ಟ್ರ್ಯಾಪಿನಲ್ಲಿ ಇದು ಕಟ್ಟುನಿಟ್ಟಾಗಿ ನಿಜ. ನಿಮ್ಮದರಲ್ಲಿ ಹೀಲಿಯಂ ಡಿಕ್ಕಿಗಳು ತಾಳ ಕೆಡಿಸುತ್ತವೆ, ಕ್ಷೇತ್ರವೂ ಪೂರ್ತಿ ಆದರ್ಶವಲ್ಲ. ಆದರೂ ಇದರಿಂದ ಒಂದು ಉಪಯುಕ್ತ ಪಾಠ ಸಿಗುತ್ತದೆ: ಹೆಚ್ಚು ಕಾಟ ಕೊಡುವುದು ಬೇರೆ ಎಂ/ಝಡ್‌ನ ಅಯಾನುಗಳು. 515 ಹೊರಡುವ ಹೊತ್ತಿಗೆ ಸೋಡಿಯಂ ಅಂಟಿಕೊಂಡ 537.2, ಪೊಟ್ಯಾಸಿಯಂ ಅಂಟಿಕೊಂಡ 553.2, ಜೋಡಿ ಅಣುವಿನ 1029.5 ಎಲ್ಲವೂ ಇನ್ನೂ ಒಳಗೇ ಕೂತಿರುತ್ತವೆ. ಗಾಜಿನ ಬಾಟಲಿಯಿಂದ, ಅಗ್ಗದ ಬಫರ್‌ನಿಂದ ಬರುವ ಸೋಡಿಯಂ ಬಗ್ಗೆ ಹಿರಿಯರು ಗೊಣಗುವುದಕ್ಕೆ ಇದೂ ಒಂದು ಕಾರಣ.

ತಂಗಿ ಹೇಳಿದ ಹರಳು ಸುಳ್ಳಲ್ಲ, ಜಾಗ ಬೇರೆ. 1959ರಲ್ಲೇ ಅಲ್ಯೂಮಿನಿಯಂ ಪುಡಿಯ ಚಾರ್ಜಾದ ಕಣಗಳನ್ನು ಪೌಲ್ ಟ್ರ್ಯಾಪಿನಲ್ಲಿ ಹಿಡಿದು ಅವು ಅಚ್ಚುಕಟ್ಟಾಗಿ ಜೋಡಣೆಯಾಗುವುದನ್ನು ಅಮೆರಿಕದಲ್ಲಿ ನೋಡಿದ್ದರು. 1987ರಲ್ಲಿ ಜರ್ಮನಿಯ ಗಾರ್ಚಿಂಗ್‌ನಲ್ಲೂ ಅಮೆರಿಕದ ಬೋಲ್ಡರ್‌ನಲ್ಲೂ ಲೇಸರ್‌ನಿಂದ ತಣಿಸಿದ ಬಿಡಿ ಅಯಾನುಗಳು ಹರಳುಗಟ್ಟಿದವು. ಕ್ಯಾಲ್ಸಿಯಂ ಅಯಾನನ್ನು ಲೇಸರ್‌ನಿಂದ ಅರ್ಧ ಮಿಲಿಕೆಲ್ವಿನ್‌ವರೆಗೆ ತಣಿಸಬಹುದು. ಸೆಕೆಂಡಿಗೆ ಹತ್ತು ಲಕ್ಷ ಬಾರಿ ತೂಗುವಷ್ಟು ಬಿಗಿಯಾದ ಟ್ರ್ಯಾಪಿನಲ್ಲಿ ಅಂಥ ಎರಡು ಅಯಾನುಗಳು 5.6 ಮೈಕ್ರಾನ್ ಅಂತರದಲ್ಲಿ ನಿಲ್ಲುತ್ತವೆ; ಅವುಗಳ ವಿಕರ್ಷಣೆ ಸುಮಾರು 3 ಕೆಲ್ವಿನ್ ಲೆಕ್ಕದ್ದು, ಚಲನೆಗಿಂತ ಸಾವಿರಾರು ಪಟ್ಟು ಹೆಚ್ಚು. ಅಲ್ಲಿ ಪಕ್ಕದವನ ತಳ್ಳಾಟವೇ ಎಲ್ಲ. ಒಂದನ್ನು ಅಲುಗಿಸಿದರೆ ಇನ್ನೊಂದೂ ಅಲುಗುತ್ತದೆ, ಎರಡೂ ಎದುರುಬದುರು ತೂಗುವ ಆವರ್ತ ಒಟ್ಟಿಗೆ ತೂಗುವುದರ 1.732 ಪಟ್ಟು. ಈ ಹಂಚಿಕೊಂಡ ಅಲುಗಾಟವನ್ನೇ ಕ್ವಾಂಟಂ ಕಂಪ್ಯೂಟರಿನ ಗೇಟ್ ಮಾಡಿಕೊಳ್ಳಬಹುದೆಂದು ಭೌತವಿಜ್ಞಾನಿಗಳಾದ ಸಿರಾಕ್ ಮತ್ತು ಝೋಲರ್ 1995ರಲ್ಲಿ ಸೂಚಿಸಿದರು. ನಮಗೆ ತೊಂದರೆ ಕೊಡುವ ಬಲ ಅವರಿಗೆ ಕೈಯಾಳು. ತಂಗಿಗೆ ಆಸಕ್ತಿಯಿದ್ದರೆ ಹೇಳಿ, ಅಯಾನ್ ಟ್ರ್ಯಾಪನ್ನೂ ತಣ್ಣನೆಯ ಪರಮಾಣುಗಳನ್ನೂ ಒಂದೆಡೆ ಸೇರಿಸಿದ ಪ್ರಯೋಗಗಳು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೇ ನಡೆದಿವೆ.

ಇನ್ನು ನಿಮ್ಮ ಕೆಲಸ. ನನ್ನ ಮಾತನ್ನು ಹಾಗೇ ನಂಬಬೇಡಿ, ಪರೀಕ್ಷಿಸಿ. ಗಟ್ಟಿ ಸ್ಯಾಂಪಲ್‌ನ ಹಳೆಯ ರನ್ ಒಂದನ್ನು ತೆರೆದು, ಕ್ರೊಮಾಟೋಗ್ರಾಂ ಪೀಕಿನ ಮೇಲೆ ಒಂದೊಂದೇ ಸ್ಕ್ಯಾನ್ ದಾಟುತ್ತಾ ಹೋಗಿ. ಸರಾಸರಿ ತೆಗೆಯಬೇಡಿ. ಏರುವ ಬುಡದಲ್ಲಿ 515.2 ಇದ್ದದ್ದು, ಏರಿದಂತೆ 515.4, ನೆತ್ತಿಯಲ್ಲಿ 515.7, ಇಳಿಯುವಾಗ ಮತ್ತೆ 515.2ರ ಕಡೆಗೆ ಬಂದರೆ ಅದು ಸ್ಪೇಸ್ ಚಾರ್ಜ್‌ನ ಸಹಿ. ಇಂಜೆಕ್ಷನ್ ಟೈಮ್ ನೀವು ಹೇಳಿದಂತೆ ಸ್ಥಿರವಾಗಿರುವುದರಿಂದ, ದ್ರಾವಣವನ್ನು ಸಿಂಪಡಿಸಿ ಅಯಾನು ಮಾಡುವ ಸೋರ್ಸ್‌ನಿಂದ ಎಷ್ಟು ಬಂದರೂ 200 ಮಿಲಿಸೆಕೆಂಡ್ ಬಾಗಿಲು ತೆರೆದೇ ಇರುತ್ತದೆ; ನೆತ್ತಿಯಲ್ಲಿ ಟ್ರ್ಯಾಪ್ ಉಕ್ಕುತ್ತದೆ. ಆಮೇಲೆ ಸಿರಿಂಜ್ ಪಂಪ್‌ನಿಂದ ಒಂದೇ ದ್ರಾವಣವನ್ನು ಸಮನಾಗಿ ಹರಿಸುತ್ತಾ ಇಂಜೆಕ್ಷನ್ ಟೈಮನ್ನು 200, 20, 2 ಮಿಲಿಸೆಕೆಂಡಿಗೆ ಇಳಿಸಿ. ದ್ರಾವಣ ಬದಲಾಗಿಲ್ಲ, ಟ್ರ್ಯಾಪಿಗೆ ಸೇರುವ ಅಯಾನು ಮಾತ್ರ ಕಡಿಮೆಯಾಗಿದೆ. ಪೀಕ್ 515.2ಕ್ಕೆ ಮರಳಿದರೆ ಬೋರ್ಡಿನ ಖರ್ಚು ಉಳಿಯಿತು. ಮೂರರಲ್ಲೂ 515.7 ಎಂದೇ ಬಂದರೆ ಆಗ ಎಂಜಿನಿಯರನ್ನು ಕರೆಯಿರಿ, ನಾನೇ ತಪ್ಪು.

ಎಲ್ಲ ತಪ್ಪನ್ನೂ ಟ್ರ್ಯಾಪಿನ ತಲೆಗೆ ಕಟ್ಟುವುದೂ ಬೇಡ. ಇಎಸ್‌ಐ (ಎಲೆಕ್ಟ್ರೋಸ್ಪ್ರೇ) ಸೋರ್ಸ್ ತಾನೇ ಸುಮಾರು 10 ಮೈಕ್ರೋಮೋಲಾರ್ ಹತ್ತಿರ ದಣಿಯುತ್ತದೆ. ಟೆಲ್ಮಿಸಾರ್ಟಾನ್‌ಗೆ ಅದು ಮಿಲಿಲೀಟರಿಗೆ 5 ಮೈಕ್ರೋಗ್ರಾಂ. ನಿಮ್ಮ ಸ್ಯಾಂಪಲ್ ಅದರ 200 ಪಟ್ಟು. ಎಲ್‌ಸಿಯಲ್ಲಿ ಸ್ವಲ್ಪ ತೆಳುವಾಗುತ್ತದೆ, ನಿಜ. ಆದರೂ ಸಿಗ್ನಲ್ ಏರದಿರುವುದು, 1029.5 ದಪ್ಪವಾಗುವುದು, ಇಂಪ್ಯೂರಿಟಿ ಮಸುಕಾಗುವುದು ಸೋರ್ಸ್‌ನ ಸಮಸ್ಯೆಗಳು, ಇಂಜೆಕ್ಷನ್ ಟೈಮ್ ಇಳಿಸಿದರೆ ಹೋಗುವುದಿಲ್ಲ. ಪೀಕ್ ಜಾರುವುದು ಮತ್ತು ಅಗಲವಾಗುವುದು ಟ್ರ್ಯಾಪಿನದ್ದು. ಡಿಟೆಕ್ಟರ್ ವೋಲ್ಟೇಜಿಗೂ ಈ ಜಾರುವಿಕೆಗೂ ಸಂಬಂಧವಿಲ್ಲ. ಅಯಾನು ಟ್ರ್ಯಾಪ್ ಬಿಟ್ಟ ಮೇಲಿನ ಕಥೆ ಅದು.

ಸೀನಿಯರ್ ಸಲಹೆ ಏಕೆ ಬೇಡ ಎಂಬುದು ಈಗ ನಿಮಗೇ ಹೊಳೆದಿರಬೇಕು. ಜಾರುವ ಪ್ರಮಾಣ ಒಳಗಿರುವ ಅಯಾನುಗಳ ಸಂಖ್ಯೆಯನ್ನು ಅವಲಂಬಿಸಿದೆ, ಆ ಸಂಖ್ಯೆ ಒಂದೇ ಪೀಕಿನ ಬುಡಕ್ಕೂ ನೆತ್ತಿಗೂ ಬೇರೆ. ತುಂಬಿದ ಟ್ರ್ಯಾಪಿನಲ್ಲಿ ಕ್ಯಾಲಿಬ್ರೇಟ್ ಮಾಡಿದರೆ ನೆತ್ತಿ ಸರಿಹೋಗುತ್ತದೆ, ಬುಡ ಕೆಳಕ್ಕೆ ಜಾರುತ್ತದೆ, ಸಣ್ಣ ಇಂಪ್ಯೂರಿಟಿಗಳೆಲ್ಲ ತಪ್ಪು ಎಂ/ಝಡ್ ತೋರಿಸುತ್ತವೆ. ನಿಮಗೆ ಬೇಕಿರುವುದೇ ಅವು!

ಹಾಗಾದರೆ ಏನು ಮಾಡಬಹುದು? ಮೊದಲು ಎಜಿಸಿ ಆನ್ ಮಾಡಿ. ಅದು ಪ್ರತಿ ಸ್ಕ್ಯಾನ್‌ಗೆ ಮುಂಚೆ ಒಂದು ಪುಟ್ಟ ಸ್ಕ್ಯಾನ್ ಮಾಡಿ ಅಯಾನುಗಳ ಹರಿವು ಅಂದಾಜಿಸಿ, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೆಂದು ತಾನೇ ತೀರ್ಮಾನಿಸುತ್ತದೆ. ಟಾರ್ಗೆಟ್ ಸಂಖ್ಯೆಯನ್ನು ಅಕ್ಷರಶಃ ಅಯಾನುಗಳ ಎಣಿಕೆ ಎಂದು ತಿಳಿಯಬೇಡಿ, ಅದು ಹೋಲಿಕೆಯ ಅಳತೆ. ಪೀಕ್ ಜಾರದ ಗರಿಷ್ಠ ಮಟ್ಟವನ್ನು ನಿಮ್ಮ ಯಂತ್ರದಲ್ಲೇ ಕಂಡುಕೊಳ್ಳಿ. ಇದರ ಅಪಾಯ ಏನೆಂದರೆ, ಎಜಿಸಿ ಎಲ್ಲ ಅಯಾನುಗಳನ್ನೂ ಒಟ್ಟಾಗಿ ಎಣಿಸುತ್ತದೆ. ಮುಖ್ಯ ವಸ್ತುವಿನ ಜೊತೆಯಲ್ಲೇ ಇಂಪ್ಯೂರಿಟಿಯೂ ಹೊರಬಂದರೆ, ಸಾವಿರ ಅಯಾನುಗಳಲ್ಲಿ ಅದರ ಪಾಲಿಗೆ ಒಂದು. ಪೀಕ್ ಸರಿಯಾದ ಜಾಗದಲ್ಲಿರುತ್ತದೆ, ಇಂಪ್ಯೂರಿಟಿ ಮಾತ್ರ ಕಾಣುವುದಿಲ್ಲ.

ಅದಕ್ಕೇ ನಿಜವಾದ ಪರಿಹಾರ ಕಾಲಮ್‌ನಲ್ಲಿದೆ ಎನ್ನುತ್ತೇನೆ. ಲೆಕ್ಕ ನೋಡಿ: ಮಿಲಿಲೀಟರಿಗೆ 1 ಮಿಲಿಗ್ರಾಂ ಸ್ಯಾಂಪಲ್‌ನಲ್ಲಿ ಶೇ. 0.1 ಎಂದರೆ 1 ಮೈಕ್ರೋಗ್ರಾಂ, ಮಾಸ್ ಸ್ಪೆಕ್‌ಗೆ ಆರಾಮದ ಮಟ್ಟ. ಗಟ್ಟಿ ಸ್ಯಾಂಪಲ್ ಹಾಕುವುದರಲ್ಲಿ ತಪ್ಪಿಲ್ಲ, ಮುಖ್ಯ ಪೀಕ್ ಟ್ರ್ಯಾಪಿಗೆ ಹೋಗದಂತೆ ನೋಡಿಕೊಂಡರೆ ಸಾಕು. ಗ್ರೇಡಿಯಂಟ್ (ಕಾಲಮ್‌ಗೆ ಹರಿಸುವ ದ್ರಾವಕದ ಮಿಶ್ರಣ ಬದಲಾಗುವ ವೇಗ) ನಿಧಾನಿಸಿ ಪೀಕುಗಳನ್ನು ದೂರ ಮಾಡಿ, ಮುಖ್ಯ ಪೀಕ್ ಬರುವ ಹೊತ್ತಿಗೆ ಡೈವರ್ಟ್ ವಾಲ್ವ್‌ನಿಂದ ಅದನ್ನು ವೇಸ್ಟ್‌ಗೆ ಕಳಿಸಿ. ಅದರ ಬಾಲದಲ್ಲಿ ಅಡಗಿದ ಇಂಪ್ಯೂರಿಟಿಯೂ ಜೊತೆಗೇ ಚರಂಡಿ ಸೇರಬಹುದು, ಆದ್ದರಿಂದ ವಾಲ್ವ್ ತಿರುಗಿಸುವ ಅವಧಿ ಚಿಕ್ಕದಾಗಿರಲಿ, ಯುವಿ ಟ್ರೇಸ್ ಪಕ್ಕದಲ್ಲಿ ಇಟ್ಟುಕೊಂಡೇ ನಿರ್ಧರಿಸಿ.

ಬಾಲದೊಳಗೇ ಇರುವುದನ್ನು ಹಿಡಿಯಬೇಕೆಂದರೆ, ಇಂಪ್ಯೂರಿಟಿಯ ಎಂ/ಝಡ್ ಸುತ್ತ ಐಸೊಲೇಷನ್ ಹಾಕಿ 515 ಅನ್ನು ಟ್ರ್ಯಾಪಿನಿಂದ ಹೊರದೂಡುವುದು ಇನ್ನೊಂದು ದಾರಿ. ಇಲ್ಲೊಂದು ಬಲೆ ಇದೆ. ಟ್ರ್ಯಾಪ್ ತುಂಬಿರುವಾಗ ನಿಮ್ಮ ಇಂಪ್ಯೂರಿಟಿಯ ಆವರ್ತವೂ ಜಾರಿರುತ್ತದೆ. ವಿಂಡೋ ತೀರಾ ಕಿರಿದಾಗಿದ್ದರೆ ಉಳಿಸಬೇಕಾದದ್ದನ್ನೇ ಹೊರದೂಡಿ, ಖಾಲಿ ಸ್ಪೆಕ್ಟ್ರಂ ನೋಡಿ "ಇಲ್ಲ" ಎಂದು ಬರೆದುಬಿಡುತ್ತೀರಿ. ಮೊದಲು ಅಗಲ ವಿಂಡೋ, ನಂತರ ಕಿರಿದು. ಸುಮ್ಮನೆ ಸ್ಯಾಂಪಲ್ ತೆಳು ಮಾಡುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಪಾಯಕಾರಿಯೂ ಹೌದು. ಔಷಧ ಗುಣಮಟ್ಟದ ಅಂತರರಾಷ್ಟ್ರೀಯ ಐಸಿಎಚ್ ಮಾರ್ಗಸೂಚಿಯಲ್ಲಿ ದಿನಕ್ಕೆ 2 ಗ್ರಾಂವರೆಗಿನ ಔಷಧಕ್ಕೆ ವರದಿಯ ಮಿತಿಯೇ ಶೇ. 0.05. ತೆಳು ಮಾಡಿ ಮಾಡಿ ಅದನ್ನು ಕಾಣದಂತೆ ಮಾಡಿದರೆ ಸ್ಪೆಕ್ಟ್ರಂ ಚೆಂದ ಕಾಣುತ್ತದೆ, ಉತ್ತರ ಸುಳ್ಳಾಗಿರುತ್ತದೆ.

ಹೊಸ ಯಂತ್ರದ ಮಾತು ಮ್ಯಾನೇಜ್‌ಮೆಂಟ್ ಎತ್ತಿದರೆ ಇಷ್ಟು ತಿಳಿದಿರಲಿ. 2002ರ ಸುಮಾರಿಗೆ ಬಂದ ಲೀನಿಯರ್ ಟ್ರ್ಯಾಪಿನಲ್ಲಿ ಮೋಡ ಉದ್ದಕ್ಕೆ ಹರಡುವುದರಿಂದ ಹತ್ತಾರು ಸಾವಿರ ಅಯಾನು ನಿರಾಳವಾಗಿ ಹಿಡಿಯುತ್ತವೆ. 2005ರಲ್ಲಿ ಮಾರುಕಟ್ಟೆಗೆ ಬಂದ ಆರ್ಬಿಟ್ರ್ಯಾಪ್ ಹತ್ತು ಲಕ್ಷದ ಆಸುಪಾಸು ತಾಳಿಕೊಳ್ಳುತ್ತದೆ. ಅದಕ್ಕೂ ಮಿತಿ ಇದೆ: ಜಾರುವುದು ಅಲ್ಲೂ ಇದೆ, ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಲೆಕ್ಕದಲ್ಲಿ, ತೀರಾ ಸಮೀಪದ ಎರಡು ಪೀಕುಗಳು ಕೂಲಂಬ್ ಬಲದಿಂದ ಒಂದಾಗಿಬಿಡುವುದೂ ಉಂಟು. ಟ್ರಿಪಲ್ ಕ್ವಾಡ್ರುಪೋಲ್‌ನಲ್ಲಿ ಅಯಾನುಗಳನ್ನು ಕೂಡಿಡುವುದಿಲ್ಲ, ಹರಿಯಬಿಡುತ್ತಾರೆ, ಹೀಗಾಗಿ ಈ ಕಾಟ ಇಲ್ಲ. ಗೊತ್ತಿರುವ ಇಂಪ್ಯೂರಿಟಿ ಅಳೆಯಲು ಅದೇ ಒಳ್ಳೆಯದು, ಗೊತ್ತಿಲ್ಲದ್ದನ್ನು ತುಂಡು ತುಂಡಾಗಿ ಒಡೆದು ಗುರುತಿಸಲು ಟ್ರ್ಯಾಪೇ ಬೇಕು. ನಿಮ್ಮ ಈಗಿನ ತೊಂದರೆಗಾಗಿ ಮಾತ್ರ ಹೊಸದು ಕೊಳ್ಳುವ ಅಗತ್ಯ ನನಗೆ ಕಾಣುತ್ತಿಲ್ಲ.

ಕೊನೆಗೆ ನೀವು ಕೇಳದ ಪ್ರಶ್ನೆ, ಹಳೆಯ ರಿಪೋರ್ಟುಗಳು. ಯುವಿಯಲ್ಲಿ ಅಳೆದ ಶೇಕಡಾವಾರು ಅಂಕಿಗಳಿಗೆ ಇದರಿಂದ ಏನೂ ಆಗಿಲ್ಲ. ನೋಡಬೇಕಾದದ್ದು 200 ಮಿಲಿಸೆಕೆಂಡ್ ಸೆಟ್ಟಿಂಗ್‌ನಲ್ಲಿ ಎಂ/ಝಡ್ ನೋಡಿ ಯಾವುದಾದರೂ ಇಂಪ್ಯೂರಿಟಿಗೆ ರಚನೆ ಬರೆದಿದ್ದೀರಾ ಎಂಬುದನ್ನು. 515.7 ಅನ್ನು ಯಾರಾದರೂ 516 ಎಂದು ದುಂಡಾಗಿಸಿದ್ದರೆ ಅಣುಭಾರ 514ರ ಬದಲು 515 ಆಗುತ್ತದೆ; ನೈಟ್ರೋಜನ್ ನಿಯಮದ ಪ್ರಕಾರ ಬೆಸ ಅಣುಭಾರಕ್ಕೆ ಬೆಸ ಸಂಖ್ಯೆಯ ನೈಟ್ರೋಜನ್. ಟೆಲ್ಮಿಸಾರ್ಟಾನ್‌ನಲ್ಲಿರುವುದು ನಾಲ್ಕು. ಇಂಪ್ಯೂರಿಟಿಗೂ ಹೀಗೇ ಆಗಿದ್ದರೆ ಇಲ್ಲದ ಅಣುವೊಂದು ನಿಮ್ಮ ಫೈಲಿನಲ್ಲಿ ಕೂತಿರುತ್ತದೆ. ಅಂಥವನ್ನು ಮಾತ್ರ ಆರಿಸಿ, ಎಜಿಸಿ ಹಾಕಿ ಮತ್ತೆ ರನ್ ಮಾಡಿ. ಮೂರು ಇಂಜೆಕ್ಷನ್ ಟೈಮ್‌ಗಳ ಪರೀಕ್ಷೆಯ ಪ್ರಿಂಟ್ ತೆಗೆದು ಚೇಂಜ್ ಕಂಟ್ರೋಲ್ (ಬದಲಾವಣೆಯ ದಾಖಲೆ) ಜೊತೆ ಲಗತ್ತಿಸಿ. ಸಿಸ್ಟಂ ಸೂಟಬಿಲಿಟಿಗೆ, ಅಂದರೆ ಯಂತ್ರ ಸರಿಯಿದೆಯೇ ಎಂಬ ಪರೀಕ್ಷೆಗೆ, ರೆಸರ್ಪಿನ್ 609.3 ಅನ್ನು ಒಂದೇ ಸಾಂದ್ರತೆಯಲ್ಲಿ ಹಾಕುತ್ತಿದ್ದರೆ ಇನ್ನು ಮೇಲೆ ಎರಡರಲ್ಲಿ ಹಾಕಿ, ಎರಡರ ನಡುವಿನ ವ್ಯತ್ಯಾಸಕ್ಕೆ ಒಂದು ಮಿತಿ ಬರೆದಿಡಿ. ಆಡಿಟರ್ ಕೇಳುವ ಮೊದಲೇ ಕ್ಯೂಎ (ಗುಣಮಟ್ಟ ಖಾತರಿ) ವಿಭಾಗದವರಿಗೆ ನೀವೇ ತಿಳಿಸಿ.